ಜಾರ್‌ ಒಳಗೆ ಹೋಗಿ ಮಾಯವಾದ ಅಕ್ಷರಗಳು: ಒಂದು ಪ್ರಕರಣ ಅಧ್ಯಯನ

ಬೆಳಗ್ಗೆ ಆರೂವರೆಗೆ ಫೋನ್ ಬಂತು. ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿ. ಹಿಂದೆ ಕ್ಯಾನುಗಳನ್ನು ಎಳೆಯುವ ಸದ್ದು.

“ಸರ್, ಚೀಟಿಯಲ್ಲಿ ಬರೀ ಚೌಕಗಳು ಬರುತ್ತಿವೆ. ಲೀಟರು, ಫ್ಯಾಟು, ದುಡ್ಡು ಎಲ್ಲ ಸರಿಯಾಗಿದೆ. ಕನ್ನಡ ಮಾತ್ರ ಇಲ್ಲ.”

ಹಿಂದಿನ ರಾತ್ರಿಯಷ್ಟೇ ಹೊಸ ಆವೃತ್ತಿಯನ್ನು ಸರ್ವರ್‌ಗೆ ಏರಿಸಿ, ಎಲ್ಲ ಪರೀಕ್ಷೆಗಳೂ ಹಸಿರಾಗಿದ್ದುದನ್ನು ಕಣ್ಣಾರೆ ನೋಡಿ ಮಲಗಿದ್ದೆವು. ಆ ಹಸಿರು ಸುಳ್ಳು ಹೇಳಿರಲಿಲ್ಲ. ನಾವು ಪರೀಕ್ಷೆ ಮಾಡಿದ್ದು ಒಂದನ್ನು, ಸರ್ವರ್‌ಗೆ ಕಳಿಸಿದ್ದು ಇನ್ನೊಂದನ್ನು. ಇವೆರಡರ ನಡುವೆ ಎಷ್ಟು ಅಂತರವಿತ್ತು ಎಂದು ಅರ್ಥವಾಗಲು ನಮಗೆ ಮೂರು ವಾರ ಬೇಕಾಯಿತು. ಆ ಮೂರು ವಾರಗಳ ವಿವರ ಇಲ್ಲಿದೆ.

ವ್ಯವಸ್ಥೆ ಹೀಗಿತ್ತು

ರೈತ ಹಾಲು ಹಾಕಿದ ತಕ್ಷಣ ಅಂಗೈ ಅಗಲದ ಚೀಟಿಯೊಂದು ಅವನ ಕೈಗೆ ಬರಬೇಕು. ಅದರಲ್ಲಿ ಹೆಸರು, ಊರು, ಹಾಲಿನ ಪ್ರಮಾಣ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಮತ್ತು ಮೊತ್ತ ಇರುತ್ತವೆ. ಸಂಘದಲ್ಲಿರುವುದು 58 ಮಿಲಿಮೀಟರ್ ಕಾಗದದ ಅಗ್ಗದ ಥರ್ಮಲ್ ಮುದ್ರಕ. ಇಂಥ ಮುದ್ರಕಗಳಿಗೆ ಕನ್ನಡ ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಕಳಿಸಿದರೆ ತಾವೇ ಮುದ್ರಿಸುತ್ತವೆ. ಕನ್ನಡವನ್ನಾದರೆ ಚಿತ್ರ ಮಾಡಿಯೇ ಕಳಿಸಬೇಕು. ಹಾಗಾಗಿ ಸರ್ವರ್‌ನಲ್ಲಿರುವ ಜಾವಾ ಪ್ರೋಗ್ರಾಮು ಇಡೀ ಚೀಟಿಯನ್ನು 384 ಚುಕ್ಕೆ ಅಗಲದ ಕಪ್ಪು-ಬಿಳುಪು ಚಿತ್ರವಾಗಿ ಬರೆದು ಮೊಬೈಲ್‌ಗೆ ಕಳಿಸುತ್ತದೆ, ಮೊಬೈಲ್ ಅದನ್ನು ಬ್ಲೂಟೂತ್ ಮೂಲಕ ಮುದ್ರಕಕ್ಕೆ ದಾಟಿಸುತ್ತದೆ.

ಪ್ರೋಗ್ರಾಮು ಕಟ್ಟಿರುವುದು ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನಲ್ಲಿ, ಓಡುವುದು ಜಾವಾ 17ರಲ್ಲಿ. ಬಿಲ್ಡ್, ಅಂದರೆ ಕೋಡನ್ನು ಓಡಿಸಬಲ್ಲ ಪ್ರೋಗ್ರಾಮಾಗಿ ಕಟ್ಟುವ ಕೆಲಸ, ಮೇವನ್ ಎಂಬ ಸಾಧನದ್ದು. ಆವರೆಗೆ ಅದು ಸಾಮಾನ್ಯ ಲಿನಕ್ಸ್ ಸರ್ವರ್ ಒಂದರಲ್ಲಿ ಓಡುತ್ತಿತ್ತು. ಕನ್ನಡ ಫಾಂಟ್ ಕಡತ ಆ ಯಂತ್ರದ ಒಂದು ಫೋಲ್ಡರ್‌ನಲ್ಲಿ ಬೇರೆಯಾಗಿಯೇ ಕುಳಿತಿತ್ತು. ಹೊಸ ಆವೃತ್ತಿಯಲ್ಲಿ ನಾವು ಒಟ್ಟಿಗೇ ಎರಡು ಬದಲಾವಣೆ ಮಾಡಿದೆವು. ಪ್ರೋಗ್ರಾಮನ್ನು ಕಂಟೇನರ್‌ಗೆ, ಅಂದರೆ ಬೇಕಾದದ್ದನ್ನೆಲ್ಲ ಒಳಗಿಟ್ಟುಕೊಂಡು ಪ್ರತ್ಯೇಕವಾಗಿ ಓಡುವ ಪೆಟ್ಟಿಗೆಯಂಥ ಪರಿಸರಕ್ಕೆ, ಸಾಗಿಸಿದೆವು. ಫಾಂಟ್ ಕಡತವನ್ನು ಜಾರ್‌ನ, ಅಂದರೆ ಜಾವಾ ಪ್ರೋಗ್ರಾಮನ್ನು ಕಟ್ಟಿಡುವ ಒಂದೇ ಕಡತದ, ಒಳಕ್ಕೇ ತಂದೆವು. ಈ ಎರಡನೆಯ ಕೆಲಸ ಮಾಡಿದ್ದು ನಾನು. ಎಲ್ಲಿಗೆ ಹೋದರೂ ಬುತ್ತಿ ಜೊತೆಗೇ ಇರಲಿ ಎಂಬ ಲೆಕ್ಕಾಚಾರ.

ಮೊದಲ ಪದರ

ತಪ್ಪು ಸಿಕ್ಕಿದ್ದು ಹತ್ತೇ ನಿಮಿಷದಲ್ಲಿ. ಫಾಂಟ್ ಎಲ್ಲಿದೆ ಎಂದು ಜಾವಾವನ್ನು ಕೇಳಿದರೆ ಅದು ಒಂದು ವಿಳಾಸ ಕೊಡುತ್ತದೆ. ನನ್ನ ಕೋಡ್ ಆ ವಿಳಾಸವನ್ನು ಡಿಸ್ಕಿನ ಮೇಲಿನ ಕಡತವೆಂದು ಭಾವಿಸಿ ತೆರೆಯಲು ಹೋಗುತ್ತಿತ್ತು. ಮೇವನ್ ಪರೀಕ್ಷೆಗಳನ್ನು ಓಡಿಸುವಾಗ ಜಾರ್ ಎಂಬುದು ಇನ್ನೂ ಹುಟ್ಟಿರುವುದೇ ಇಲ್ಲ. ಟಾರ್ಗೆಟ್ ಫೋಲ್ಡರ್‌ನೊಳಗಿನ ಕ್ಲಾಸಸ್ ಫೋಲ್ಡರ್‌ನಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತದೆ. ಅಲ್ಲಿ ಫಾಂಟ್ ನಿಜವಾದ ಕಡತವೇ. ತೆರೆಯಿತು, ಪರೀಕ್ಷೆ ಪಾಸಾಯಿತು.

ಜಾರ್ ಕಟ್ಟಿದ ಮೇಲೆ ಕಥೆ ಬೇರೆ. ಜಾರ್ ಎಂದರೆ ಒಂದು ಜಿಪ್ ಕಡತ. ಅದರೊಳಗಿನ ಫಾಂಟ್‌ಗೆ ಡಿಸ್ಕಿನ ಮೇಲೆ ಸ್ವಂತ ಮನೆಯಿಲ್ಲ, ಜಿಪ್‌ನ ಹೊಟ್ಟೆಯೊಳಗೆ ಒಂದು ಜಾಗವಿದೆ ಅಷ್ಟೆ. ಅಂಥ ವಿಳಾಸವನ್ನು ಕಡತವಾಗಿ ಪರಿವರ್ತಿಸಲು ಹೋದರೆ ಜಾವಾ ದೋಷ ಎಸೆಯುತ್ತದೆ. ಎಸೆಯಿತು ಕೂಡ. ಆದರೆ ಆ ದೋಷವನ್ನು ಹಿಡಿದು, ಲಾಗ್‌ನಲ್ಲಿ ಒಂದು ಸಾಲಿನ ಎಚ್ಚರಿಕೆ ಬರೆದು, ಸಿಸ್ಟಮ್‌ನಲ್ಲಿರುವ ಯಾವುದಾದರೊಂದು ಫಾಂಟ್‌ನಿಂದ ಕೆಲಸ ಮುಂದುವರಿಸುವ ಜಾಣತನವನ್ನೂ ನಾನೇ ಮಾಡಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ‘ಯಾವುದಾದರೊಂದು ಫಾಂಟ್’ಗೆ ಕನ್ನಡ ಬರುತ್ತದೆ. ಕಂಟೇನರ್‌ನಲ್ಲಿ ಇದ್ದದ್ದು ಡೇಜಾವು ಫಾಂಟ್. ಅದರಲ್ಲಿ ಅಂಕಿಗಳಿವೆ, ಕನ್ನಡವಿಲ್ಲ. ಆದ್ದರಿಂದಲೇ ಲೀಟರು, ದುಡ್ಡು ಸರಿಯಾಗಿ ಬಂದು ಅಕ್ಷರಗಳೆಲ್ಲ ಚೌಕಗಳಾದವು.

ತೇಪೆ ಸುಲಭವಿತ್ತು: ಕಡತವೆಂದು ತೆರೆಯುವ ಬದಲು ಬೈಟ್‌ಗಳ ಹರಿವಾಗಿ ಓದಿದರೆ ಜಾರ್ ಆದರೇನು, ಫೋಲ್ಡರ್ ಆದರೇನು. ಅದನ್ನು ಮಾಡಿದೆವು. ಫಾಂಟ್ ಸಿಗದಿದ್ದರೆ ಪ್ರೋಗ್ರಾಮು ಶುರುವಾಗಲೇಬಾರದು ಎಂದೂ ಬದಲಿಸಿದೆವು. ಅಷ್ಟಕ್ಕೆ ಕೈತೊಳೆದುಕೊಳ್ಳಬಹುದಿತ್ತು. ಆದರೆ ತಂಡದ ಹೊಸ ಹುಡುಗಿ ಒಂದು ಪ್ರಶ್ನೆ ಕೇಳಿದಳು: “ನಾವು ಜಾರ್ ಅನ್ನು ಯಾವತ್ತಾದರೂ ಪರೀಕ್ಷೆ ಮಾಡಿದ್ದೇವಾ, ಸರ್?” ಇಲ್ಲ, ಮಾಡಿರಲಿಲ್ಲ. ನಾಲ್ಕು ವರ್ಷದಲ್ಲಿ ಒಮ್ಮೆಯೂ.

‘ನಂತರ’ ಬೇರೆ, ‘ಮೇಲೆ’ ಬೇರೆ

ಇಲ್ಲಿ ಮೇವನ್ ಬಗ್ಗೆ ಸ್ವಲ್ಪ ಹೇಳಬೇಕು. ಅದರ ಬಿಲ್ಡ್ ಹಂತಹಂತವಾಗಿ ಸಾಗುತ್ತದೆ. ಮೊದಲು ಕಂಪೈಲ್, ಆಮೇಲೆ ಟೆಸ್ಟ್, ಆಮೇಲೆ ಪ್ಯಾಕೇಜ್, ಅದಾದ ಮೇಲೆ ಇಂಟಿಗ್ರೇಷನ್-ಟೆಸ್ಟ್, ನಂತರ ವೆರಿಫೈ. ಟೆಸ್ಟ್ ಹಂತದಲ್ಲಿ ಶೂರ್‌ಫೈರ್ ಎಂಬ ಪ್ಲಗಿನ್ ಸಣ್ಣ ಪರೀಕ್ಷೆಗಳನ್ನು ಓಡಿಸುತ್ತದೆ. ಪ್ಯಾಕೇಜ್ ಆದ ಮೇಲೆ ಓಡಬೇಕಾದ ಪರೀಕ್ಷೆಗಳಿಗೆ ಫೇಲ್‌ಸೇಫ್ ಎಂಬ ಇನ್ನೊಂದು ಪ್ಲಗಿನ್ ಇದೆ. ಹೆಸರು ‘ಐಟಿ’ ಎಂದು ಮುಗಿಯುವ ಪರೀಕ್ಷಾ ಕ್ಲಾಸ್‌ಗಳನ್ನು (ಜಾವಾ ಕೋಡಿನ ಘಟಕಗಳನ್ನು) ಅದು ಎತ್ತಿಕೊಳ್ಳುತ್ತದೆ. ಸರಿ, ಫೇಲ್‌ಸೇಫ್ ಹಾಕಿದರೆ ಮುಗಿಯಿತು ಎಂದುಕೊಂಡೆವು. ಹಾಕಿದೆವು. ನಮ್ಮ ನಂಬಿಕೆಯನ್ನು ಪರೀಕ್ಷಿಸಲು ನಾನು ಫಾಂಟ್‌ನ ಹಳೆಯ ತಪ್ಪು ಕೋಡನ್ನೇ ಬೇಕೆಂದು ವಾಪಸ್ ತಂದು ಬಿಲ್ಡ್ ಮಾಡಿದೆ.

ಹಸಿರು.

ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ಫೇಲ್‌ಸೇಫ್ 2.19ರಿಂದ ಈಚೆಗೆ ಪರೀಕ್ಷೆಯ ಕ್ಲಾಸ್‌ಪಾತ್‌ನಲ್ಲಿ (ಜಾವಾ ಕ್ಲಾಸ್‌ಗಳನ್ನು ಹುಡುಕುವ ಜಾಗಗಳ ಪಟ್ಟಿಯಲ್ಲಿ) ಬಿಡಿ ಕ್ಲಾಸ್‌ಗಳ ಫೋಲ್ಡರ್ ಬದಲಿಗೆ ಜಾರ್ ಅನ್ನೇ ಇಡುತ್ತದೆ. ಅದು ನಮಗೆ ಬೇಕಾದದ್ದೇ. ಆದರೆ ಸ್ಪ್ರಿಂಗ್ ಬೂಟ್ ಸಾಮಾನ್ಯ ಜಾರ್ ಅನ್ನು ಬಿಚ್ಚಿ ತನ್ನ ರೀತಿಯಲ್ಲಿ ಮತ್ತೆ ಕಟ್ಟುತ್ತದೆ: ನಮ್ಮ ಕ್ಲಾಸ್‌ಗಳು ಬೂಟ್-ಐಎನ್‌ಎಫ್ ಎಂಬ ಒಳಕೋಣೆಗೆ ಹೋಗುತ್ತವೆ, ಅವಲಂಬಿತ ಜಾರ್‌ಗಳು ಜಾರ್‌ನೊಳಗಿನ ಜಾರ್‌ಗಳಾಗಿ ಕೂರುತ್ತವೆ. ಹಾಗೆ ಕಟ್ಟಿದ ಜಾರ್ ಅನ್ನು ಕ್ಲಾಸ್‌ಪಾತ್‌ನಲ್ಲಿ ಇಟ್ಟರೆ ಪರೀಕ್ಷೆಗೆ ಒಂದು ಕ್ಲಾಸೂ ಕಾಣುವುದಿಲ್ಲ. ಆ ತೊಂದರೆ ಬೇಡವೆಂದು ಸ್ಪ್ರಿಂಗ್ ಬೂಟ್‌ನ ಪೇರೆಂಟ್ ಪಾಮ್ (ಪಾಮ್ ಎಂದರೆ ಮೇವನ್‌ನ ಹೊಂದಿಕೆ ಕಡತ; ಪೇರೆಂಟ್‌ನ ಹೊಂದಿಕೆಗಳು ನಮ್ಮದಕ್ಕೂ ಬರುತ್ತವೆ) ಮೌನವಾಗಿ ಒಂದು ಸಾಲು ಸೇರಿಸಿರುತ್ತದೆ: ಫೇಲ್‌ಸೇಫ್ ಹಳೆಯ ಕ್ಲಾಸಸ್ ಫೋಲ್ಡರನ್ನೇ ಬಳಸಲಿ. ಅಂದರೆ ನಮ್ಮ ಪರೀಕ್ಷೆಗಳು ಪ್ಯಾಕೇಜ್ ಆದ ನಂತರ ಓಡುತ್ತಿದ್ದವು. ಪ್ಯಾಕೇಜಿನ ಮೇಲೆ ಓಡುತ್ತಿರಲಿಲ್ಲ. ಇಡ್ಲಿ ಬೆಂದ ಮೇಲೆ ಹಿಟ್ಟಿನ ಪಾತ್ರೆಗೆ ಬೆರಳು ಹಾಕಿ ರುಚಿ ನೋಡಿದ ಹಾಗೆ.

ಸ್ಪ್ರಿಂಗ್ ಬೂಟ್‌ನ ಮೇವನ್ ಪ್ಲಗಿನ್‌ನಲ್ಲಿ ಪ್ರೋಗ್ರಾಮನ್ನು ಪರೀಕ್ಷೆಗೆ ಮೊದಲು ಶುರುಮಾಡಿ ಆಮೇಲೆ ನಿಲ್ಲಿಸುವ ಸೌಕರ್ಯವಿದೆ. ಅದನ್ನೂ ನೋಡಿದೆವು. ಅದು ಶುರುಮಾಡುವುದೂ ಕ್ಲಾಸಸ್ ಫೋಲ್ಡರ್‌ನಿಂದಲೇ. ಇದನ್ನು ದೋಷವೆಂದು ನಾನು ದೂರುವುದಿಲ್ಲ. ಬಿಡಿ ಕ್ಲಾಸ್‌ಗಳ ಮೇಲೆ ಬೇಗ ಬೇಗ ಓಡಿಸಿ ನೋಡುವುದು ಹೆಚ್ಚಿನವರಿಗೆ ಬೇಕಾದ ಅನುಕೂಲ. ಹೆಸರು ನೋಡಿ ಅರ್ಥ ಊಹಿಸಿದ್ದು ನಮ್ಮ ತಪ್ಪು.

ಹೊರಗಿನವರಾಗಿ ಬಾಗಿಲು ಬಡಿಯುವುದು

ಕೊನೆಗೆ ಪರೀಕ್ಷೆಗೆಂದೇ ಪ್ರತ್ಯೇಕ ಮಾಡ್ಯೂಲ್ ಮಾಡಿದೆವು. ಅದಕ್ಕೆ ಒಂದೇ ಕಟ್ಟುನಿಟ್ಟು: ಮುಖ್ಯ ಪ್ರೋಗ್ರಾಮಿನ ಒಂದು ಕ್ಲಾಸನ್ನೂ ಅದು ಮುಟ್ಟಬಾರದು. ಅವಲಂಬನೆಯನ್ನು ಘೋಷಿಸಿಯೇ ಇಲ್ಲ, ಹಾಗಾಗಿ ಮುಟ್ಟಬೇಕೆಂದರೂ ಆಗುವುದಿಲ್ಲ. ಅದಕ್ಕೆ ಗೊತ್ತಿರುವುದು ಜಾರ್ ಎಲ್ಲಿದೆ ಎಂಬ ದಾರಿಯೊಂದೇ. ಅದು ಹೊಸ ಪ್ರೊಸೆಸ್ ಒಂದರಲ್ಲಿ ಆ ಜಾರ್ ಅನ್ನು ಓಡಿಸುತ್ತದೆ, ಖಾಲಿ ಪೋರ್ಟ್ ಒಂದನ್ನು ಕೊಡುತ್ತದೆ, ಆರೋಗ್ಯ ವಿಚಾರಿಸುವ ವಿಳಾಸದಿಂದ ಸರಿಯಾದ ಉತ್ತರ ಬರುವವರೆಗೆ ಕಾಯುತ್ತದೆ, ಆಮೇಲೆ ಸಂಘದ ಮೊಬೈಲ್ ಹೇಗೆ ಕೇಳುತ್ತದೋ ಹಾಗೆಯೇ ಎಚ್‌ಟಿಟಿಪಿ ಮೂಲಕ ಚೀಟಿ ಕೇಳುತ್ತದೆ.

ಬಂದ ಚಿತ್ರದಲ್ಲಿ ಕನ್ನಡ ಇದೆಯೋ ಚೌಕಗಳಿವೆಯೋ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಮೊದಲು ಸರಿಯಾದ ಚೀಟಿಯ ಚಿತ್ರವೊಂದನ್ನು ಇಟ್ಟುಕೊಂಡು ಹೋಲಿಸಲು ಯೋಚಿಸಿದೆವು. ಜಾವಾದ ಆವೃತ್ತಿ ಬದಲಾದರೆ ಅಕ್ಷರದ ಅಂಚಿನಲ್ಲಿ ಒಂದೆರಡು ಚುಕ್ಕೆ ಆಚೀಚೆಯಾಗಬಹುದು. ಸುಮ್ಮನೆ ಕೆಂಪು ದೀಪ ಹತ್ತುತ್ತಿರುತ್ತದೆ. ಆಗ ಅದೇ ಹುಡುಗಿಗೆ ಒಂದು ಉಪಾಯ ಹೊಳೆಯಿತು. ‘ಕಮಲ’ ಎಂಬ ಹೆಸರಿನಲ್ಲಿ ಒಂದು ಚೀಟಿ, ‘ರಮಣ’ ಎಂಬ ಹೆಸರಿನಲ್ಲಿ ಇನ್ನೊಂದು. ಉಳಿದ ವಿವರಗಳೆಲ್ಲ ಒಂದೇ, ಸಮಯವೂ ಒಂದೇ. ಎರಡೂ ಮೂರು ಮೂರು ಅಕ್ಷರ. ಫಾಂಟ್ ಇಲ್ಲದಿದ್ದರೆ ಎರಡರಲ್ಲೂ ಮೂರು ಚೌಕ ಬಂದು ಚಿತ್ರಗಳು ಚುಕ್ಕೆ ಚುಕ್ಕೆಗೂ ಒಂದೇ ಆಗುತ್ತವೆ. ಫಾಂಟ್ ಇದ್ದರೆ ಬೇರೆಯಾಗಲೇಬೇಕು. ಪರೀಕ್ಷೆ ಕೇಳುವುದು ಇಷ್ಟೇ: ಇವೆರಡೂ ಬೇರೆಯೇ? ನಾನು ಇಷ್ಟು ವರ್ಷಗಳಲ್ಲಿ ನೋಡಿದ ಪರೀಕ್ಷೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು.

ಎರಡನೆಯ ಪದರ

ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಪಾಸಾಯಿತು. ಬಿಲ್ಡ್ ಸರ್ವರ್‌ನಲ್ಲಿ ಒಂದು ಬಿತ್ತು: ಊರಿನ ಹೆಸರು ಹೊಂದುತ್ತಿಲ್ಲ. ನಿರೀಕ್ಷಿಸಿದ್ದು ‘ಹಾಸನ’. ಬಂದದ್ದು ಓದಲಾಗದ ಒಂದೇ ಗುರುತು, ಸಾಲಾಗಿ ಹನ್ನೆರಡು ಬಾರಿ.

ಹನ್ನೆರಡು ಎಂಬ ಆ ಎಣಿಕೆಯೇ ಸುಳಿವು. ನಮ್ಮ ಕಣ್ಣಿಗೆ ‘ಹಾಸನ’ ಮೂರು ಅಕ್ಷರವಾದರೂ ಯೂನಿಕೋಡ್‌ನಲ್ಲಿ ಅದು ನಾಲ್ಕು ಸಂಕೇತ: ಹ, ಆಕಾರದ ಗುರುತು, ಸ, ನ. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ರೀತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ನಾಲ್ಕು ಮೂರಲ ಹನ್ನೆರಡು. ಅಂದರೆ ಯಾರೋ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದಿ, ಅರ್ಥವಾಗದೆ ಕೈಚೆಲ್ಲಿದ್ದಾರೆ. ಊರುಗಳ ಪಟ್ಟಿಯನ್ನು ಓದುವ ಕೋಡ್, ಅಕ್ಷರ ಸಂಕೇತ ಯಾವುದೆಂದು ಹೇಳದೆ, ಯಂತ್ರದ ಪೂರ್ವನಿಯೋಜಿತ ಸಂಕೇತವನ್ನೇ ನೆಚ್ಚಿಕೊಂಡಿತ್ತು. ಜಾವಾ 17ರಲ್ಲಿ ಅದನ್ನು ನಿರ್ಧರಿಸುವುದು ಯಂತ್ರದ ಭಾಷಾ ಹೊಂದಿಕೆ. ಹಳೆಯ ಸರ್ವರ್‌ನಲ್ಲಿ ಅದು ಯುಟಿಎಫ್-8 ಆಗಿತ್ತು. ಬಿಲ್ಡ್ ಸರ್ವರ್‌ನಲ್ಲೂ ಹೊಸ ಕಂಟೇನರ್‌ನಲ್ಲೂ ಯಾರೂ ಏನೂ ಹೇಳಿರಲಿಲ್ಲ. ಹೇಳದಿದ್ದರೆ ಸಿಗುವುದು ಬರಿಯ ಆಸ್ಕಿ, ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಹಳೆಯ ಸಂಕೇತ.

ಕಾರ್ಯದರ್ಶಿಯವರು ಮೊದಲ ದಿನ ಕಳಿಸಿದ್ದ ಫೋಟೊವನ್ನು ಮತ್ತೆ ತೆರೆದು ನೋಡಿದೆ. ಮಸುಕಾಗಿತ್ತು, ಆದರೂ ಕಾಣುತ್ತಿತ್ತು: ಹೆಸರಿನ ಸಾಲಿನಲ್ಲಿ ಖಾಲಿ ಚೌಕಗಳು, ಊರಿನ ಸಾಲಿನಲ್ಲಿ ಮಾತ್ರ ಪ್ರಶ್ನೆ ಚಿಹ್ನೆ ಹೊತ್ತ ಕಪ್ಪು ವಜ್ರಾಕೃತಿಗಳು. ಎರಡು ಬೇರೆ ಬೇರೆ ಕಾಯಿಲೆಗಳು ಒಂದೇ ಚೀಟಿಯಲ್ಲಿ ಪಕ್ಕಪಕ್ಕದಲ್ಲೇ ಇದ್ದವು. ನಾನು ಅವೆಲ್ಲವನ್ನೂ ‘ಚೌಕ’ ಎಂದು ಓದಿಬಿಟ್ಟಿದ್ದೆ.

ಇನ್ನೊಂದು ಪ್ರಶ್ನೆ ಉಳಿಯಿತು. ಬಿಲ್ಡ್ ಸರ್ವರ್ ಮೊದಲಿನಿಂದಲೂ ಹೀಗೇ ಇದ್ದರೆ, ಅಲ್ಲಿ ನಮ್ಮ ಸಣ್ಣ ಪರೀಕ್ಷೆಗಳು ಇಷ್ಟು ದಿನ ಹೇಗೆ ಪಾಸಾಗುತ್ತಿದ್ದವು? ಉತ್ತರ ಪಾಮ್ ಕಡತದಲ್ಲಿತ್ತು. ಶೂರ್‌ಫೈರ್‌ನ ಹೊಂದಿಕೆಯಲ್ಲಿ ಒಂದು ಸಾಲು: ಪರೀಕ್ಷೆಗಳು ಓಡುವ ಜಾವಾಕ್ಕೆ ಯುಟಿಎಫ್-8 ಎಂದು ಹೇಳಿಬಿಡು. ಕೋಡಿನ ಬದಲಾವಣೆಗಳನ್ನೆಲ್ಲ (ಅವೇ ಕಮಿಟ್‌ಗಳು) ದಾಖಲಿಸಿಡುವ ಗಿಟ್‌ನ ಚರಿತ್ರೆ ಕೆದಕಿದೆ. ಎರಡು ವರ್ಷದ ಹಿಂದಿನ ಕಮಿಟ್, ಜೊತೆಗೆ ಟಿಪ್ಪಣಿ: ಬಿಲ್ಡ್ ಸರ್ವರ್‌ನಲ್ಲಿ ಮಾತ್ರ ಪರೀಕ್ಷೆ ಬೀಳುತ್ತಿತ್ತು, ಸರಿಪಡಿಸಿದೆ. ಬರೆದವನು ನಾನೇ. ಪರೀಕ್ಷೆ ಅಂದೇ ನಿಜವಾದ ದೋಷವನ್ನು ಹಿಡಿದು ತೋರಿಸಿತ್ತು. ನಾನು ಪ್ರೋಗ್ರಾಮನ್ನು ಬಿಟ್ಟು ಪರೀಕ್ಷೆಗೆ ಔಷಧಿ ಕುಡಿಸಿದ್ದೆ.

ಆ ಸಾಲನ್ನು ಅಳಿಸಿದಾಗ ಇನ್ನೂ ಎರಡು ಪರೀಕ್ಷೆಗಳು ಬಿದ್ದವು. ಬಟವಾಡೆ ಪಟ್ಟಿಯನ್ನು ಹೊರಗೆ ಬರೆಯುವ ಕೋಡ್‌ನಲ್ಲೂ ಇದೇ ಸಮಸ್ಯೆಯಿತ್ತು. ಎಲ್ಲ ಕಡೆ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿದೆವು. ಜಾವಾ 18ಕ್ಕೆ ಏರಿದರೆ ಇದರ ಗೋಜೇ ಇಲ್ಲವಲ್ಲ ಎಂದು ಒಬ್ಬರು ಹೇಳಿದರು. 2022ರ ಮಾರ್ಚ್‌ನಲ್ಲಿ ಬಂದ ಆ ಆವೃತ್ತಿಯಿಂದ ಯುಟಿಎಫ್-8 ತಾನಾಗಿಯೇ ಪೂರ್ವನಿಯೋಜಿತ ಎಂಬುದು ನಿಜ. ಆದರೆ ಪರದೆಗೆ ಬರೆಯುವ ಸಾಲುಗಳು ಅಲ್ಲೂ ಯಂತ್ರದ ಮಾತನ್ನೇ ಕೇಳುತ್ತವೆ. ಲಾಗ್‌ನಲ್ಲಿ ಪ್ರಶ್ನೆ ಚಿಹ್ನೆಗಳು ತಪ್ಪುವುದಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಹೊಸ ಪರೀಕ್ಷೆ ಪಾಸಾದದ್ದಕ್ಕೂ ಕಾರಣ ಸಿಕ್ಕಿತು. ಪರೀಕ್ಷೆ ಹುಟ್ಟುಹಾಕುವ ಪ್ರೊಸೆಸ್, ನನ್ನ ಯಂತ್ರದ ಪರಿಸರ ಹೊಂದಿಕೆಗಳನ್ನೆಲ್ಲ ಆಸ್ತಿಯ ಹಾಗೆ ಬಳುವಳಿ ಪಡೆಯುತ್ತಿತ್ತು, ಯುಟಿಎಫ್-8 ಸಹಿತ. ಅದನ್ನು ಖಾಲಿ ಮಾಡುತ್ತ ಹೋಗುವುದಕ್ಕಿಂತ ಇದೇ ಸರಿ ಎಂದು ಜಾರ್ ಅನ್ನು ಬಿಟ್ಟು, ಸರ್ವರ್‌ಗೆ ಹೋಗುವ ಕಂಟೇನರ್ ಇಮೇಜನ್ನೇ (ಕಂಟೇನರ್‌ನ ಕಟ್ಟಿಟ್ಟ ರೂಪವನ್ನೇ) ಕಂಟೇನರ್ ಓಡಿಸುವ ಡಾಕರ್ ಎಂಬ ಸಾಧನದಲ್ಲಿ ಎಬ್ಬಿಸಿ ಪರೀಕ್ಷಿಸಲು ಬದಲಾಯಿಸಿದೆವು. ಪಕ್ಕದಲ್ಲಿ ನಿಜವಾದ ಪೋಸ್ಟ್‌ಗ್ರೆಸ್ ಡೇಟಾಬೇಸ್. ಒಟ್ಟು ಬಿಲ್ಡ್‌ಗೆ ನಾಲ್ಕು ನಿಮಿಷ ಹೆಚ್ಚಾಯಿತು. ಕೆಲವರು ಗೊಣಗಿದರು.

ಕೆಂಪಾಗದ ಕೆಂಪು

ಮುಗಿಯಿತು ಎಂದುಕೊಳ್ಳುವ ಮೊದಲು ಹಳೆಯ ಅಭ್ಯಾಸದಂತೆ ಮತ್ತೊಮ್ಮೆ ಬೇಕೆಂದೇ ಕೆಡಿಸಿ ನೋಡಿದೆ. ಇಮೇಜ್‌ನೊಳಗೆ ಫಾಂಟ್ ಕಡತದ ಹೆಸರನ್ನು ಬದಲಿಸಿ ಕಮಿಟ್ ಮಾಡಿದೆ. ಲಾಗ್‌ನಲ್ಲಿ ಪರೀಕ್ಷೆಗಳು ಸಾಲುಸಾಲಾಗಿ ಬಿದ್ದವು. ಅದರ ಕೆಳಗೆ, ಕೊನೆಯ ಸಾಲಿನಲ್ಲಿ: ಬಿಲ್ಡ್ ಯಶಸ್ವಿ.

ಫೇಲ್‌ಸೇಫ್‌ನ ಹೆಸರಿನ ಗುಟ್ಟೇ ಇದು. ಇಂಟಿಗ್ರೇಷನ್-ಟೆಸ್ಟ್ ಹಂತದಲ್ಲಿ ಪರೀಕ್ಷೆ ಬಿದ್ದರೂ ಅದು ಬಿಲ್ಡನ್ನು ಅಲ್ಲೇ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಎಬ್ಬಿಸಿದ ಸರ್ವರ್, ಡೇಟಾಬೇಸ್ ಎಲ್ಲ ಹಾಗೇ ಓಡುತ್ತ ಉಳಿದುಬಿಡುತ್ತವೆ. ಅವನ್ನು ಮುಚ್ಚಲು ಮುಂದಿನ ಹಂತಕ್ಕೆ ಅವಕಾಶ ಕೊಡಬೇಕು. ಆದ್ದರಿಂದ ಫಲಿತಾಂಶವನ್ನು ಒಂದು ಕಡತದಲ್ಲಿ ಬರೆದಿಟ್ಟು ಮುಂದೆ ಹೋಗುತ್ತದೆ. ಆ ಕಡತವನ್ನು ಓದಿ ತೀರ್ಪು ಹೇಳುವುದು ವೆರಿಫೈ ಎಂಬ ಎರಡನೆಯ ಗೋಲ್‌ನ ಕೆಲಸ (ಪ್ಲಗಿನ್‌ಗೆ ವಹಿಸುವ ಒಂದೊಂದು ಕೆಲಸಕ್ಕೂ ಗೋಲ್ ಎಂದು ಹೆಸರು). ಸ್ಪ್ರಿಂಗ್ ಬೂಟ್‌ನ ಪೇರೆಂಟ್ ಪಾಮ್‌ನಲ್ಲಿ ಎರಡೂ ಗೋಲ್‌ಗಳು ಇರುತ್ತವೆ. ನಮ್ಮ ಹೊಸ ಮಾಡ್ಯೂಲ್‌ಗೆ ಆ ಪೇರೆಂಟ್ ಇರಲಿಲ್ಲ. ಫೇಲ್‌ಸೇಫ್ ಹೊಂದಿಕೆಯನ್ನು ನಾನು ಕೈಯಾರೆ ಬರೆದಿದ್ದೆ, ಒಂದೇ ಗೋಲ್ ಬರೆದಿದ್ದೆ. ವಿಚಾರಣೆ ನಡೆಯುತ್ತಿತ್ತು, ನ್ಯಾಯಾಧೀಶರನ್ನು ಕರೆದಿರಲಿಲ್ಲ. ಒಂದು ಸಾಲು ಸೇರಿಸಿದ ಮೇಲೆ ಕೆಂಪು ನಿಜವಾಗಿ ಕೆಂಪಾಯಿತು.

ಕಡೆಯ ತೂತು ಬಿಡುಗಡೆಯ ಕೆಲಸದಲ್ಲಿತ್ತು. ಪರೀಕ್ಷೆಗಳೆಲ್ಲ ಪಾಸಾದ ಮೇಲೆ ಬಿಡುಗಡೆಯ ಸ್ಕ್ರಿಪ್ಟ್, ಪರೀಕ್ಷೆಗಳನ್ನು ಬಿಟ್ಟುಬಿಡು ಎಂಬ ಸೂಚನೆಯೊಂದಿಗೆ, ಇನ್ನೊಮ್ಮೆ ಹೊಸದಾಗಿ ಜಾರ್ ಕಟ್ಟಿ ಅದನ್ನು ಇಮೇಜ್ ಮಾಡಿ ಕಳಿಸುತ್ತಿತ್ತು. ಅದೇ ಕಮಿಟ್, ಅದೇ ಕೋಡ್, ಆದರೆ ಪರೀಕ್ಷಿಸಿದ ಜಾರ್ ಅಲ್ಲ. ಎರಡರ ಶಾ-256 (ಕಡತದ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿದರೆ ಹೊಂದುತ್ತಿರಲಿಲ್ಲ. ಜಿಪ್‌ನೊಳಗೆ ಪ್ರತಿ ಕಡತದ ಸಮಯವೂ ದಾಖಲಾಗುತ್ತದೆ. ಈಗ ಇಮೇಜ್ ಒಂದೇ ಸಲ ಹುಟ್ಟುತ್ತದೆ. ಪರೀಕ್ಷೆ ನೋಡಿದ್ದು ಯಾವ ಡೈಜೆಸ್ಟ್‌ನ (ಅಂಥದೇ ಬೆರಳಚ್ಚಿನ) ಇಮೇಜೋ ಅದೇ ಡೈಜೆಸ್ಟ್ ಸರ್ವರ್‌ಗೆ ಹೋಗುತ್ತದೆ, ಇಲ್ಲದಿದ್ದರೆ ಸ್ಕ್ರಿಪ್ಟ್ ನಿಲ್ಲುತ್ತದೆ.

ಇದು ಜಾವಾದವರ ಪಾಡು ಮಾತ್ರವಲ್ಲ. ಪೈಥಾನ್‌ನಲ್ಲಿ ಯೋಜನೆಯ ಫೋಲ್ಡರ್‌ನಲ್ಲೇ ನಿಂತು ಪರೀಕ್ಷೆ ಓಡಿಸಿದರೆ ಸ್ಥಾಪಿಸಿದ ಪ್ಯಾಕೇಜ್ ಬದಲು ಕಣ್ಣೆದುರಿನ ಕಡತಗಳೇ ಇಂಪೋರ್ಟ್ ಆಗಬಹುದು. ಕೋಡನ್ನು ‘ಎಸ್‌ಆರ್‌ಸಿ’ ಎಂಬ ಒಳಫೋಲ್ಡರ್‌ಗೆ ಸರಿಸುವ ಪದ್ಧತಿಯ ಹಿಂದಿನ ಒಂದು ಮುಖ್ಯ ಕಾರಣ ಇದೇ. ಟಾಕ್ಸ್ ಎಂಬ ಸಾಧನ ಮೊದಲು ಪ್ಯಾಕೇಜ್ ಕಟ್ಟಿ, ಬೇರೆ ಪರಿಸರದಲ್ಲಿ ಸ್ಥಾಪಿಸಿ, ಆಮೇಲೆ ಪರೀಕ್ಷಿಸುತ್ತದೆ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯವರ ಆಟೋಪಿಕೆಜಿಟೆಸ್ಟ್ ಇರುವುದೂ ಸ್ಥಾಪಿಸಿದ ಪ್ಯಾಕೇಜನ್ನು ಪರೀಕ್ಷಿಸುವುದಕ್ಕೇ.

ಇದಕ್ಕೆ ತಿರುಗುಮುರುಗಾದ ಒಂದು ಉದಾಹರಣೆಯೂ ನಮ್ಮಲ್ಲಿ ಇತ್ತು. ಚೀಟಿಯ ಕೊನೆಗೆ ಪ್ರೋಗ್ರಾಮಿನ ಆವೃತ್ತಿ ಸಂಖ್ಯೆ ಬರುತ್ತಿತ್ತು. ಅದು ಜಾರ್‌ನ ವಿವರಗಳನ್ನು ಬರೆದಿಡುವ ಮ್ಯಾನಿಫೆಸ್ಟ್ ಎಂಬ ಕಡತದಿಂದ ಬರುವಂಥದ್ದು, ಬಿಡಿ ಕ್ಲಾಸ್‌ಗಳ ಫೋಲ್ಡರ್‌ನಲ್ಲಿ ಮ್ಯಾನಿಫೆಸ್ಟ್‌ನ ಆ ಸಾಲೇ ಇಲ್ಲ. ಹಾಗಾಗಿ ಹಳೆಯ ಪರೀಕ್ಷೆಯೊಂದು ಆವೃತ್ತಿಯ ಜಾಗ ಖಾಲಿ ಇರಬೇಕು ಎಂದು ಗಂಭೀರವಾಗಿ ನಿರೀಕ್ಷಿಸುತ್ತಿತ್ತು, ಪಾಸೂ ಆಗುತ್ತಿತ್ತು. ಅದನ್ನು ತೆಗೆದು, ಇಮೇಜಿನ ಮೇಲೆ ಓಡುವ ಸರಿಯಾದ ಪರೀಕ್ಷೆ ಬರೆದು, ಅದು ಹಸಿರಾದದ್ದನ್ನು ನೋಡಿ ಸಂತೋಷಪಟ್ಟೆವು.

ಮರುವಾರ ಕಾರ್ಯದರ್ಶಿಯವರಿಂದ ಮತ್ತೆ ಫೋನ್. ಅಕ್ಷರವೆಲ್ಲ ಚೆನ್ನಾಗಿ ಬರುತ್ತಿದೆ ಎಂದರು. ಆಮೇಲೆ ಕೇಳಿದರು: “ಚೀಟಿಯ ಕೊನೆಯಲ್ಲಿ ಅದೇನೋ ನಂಬರ್ ಬರುತ್ತದಲ್ಲ ಸರ್, ಅದನ್ನು ತೆಗೆಯಬಹುದಾ? ದಿನಕ್ಕೆ ಒಂದು ರೋಲ್ ಕಾಗದ ಸಾಲುತ್ತಿಲ್ಲ.”

ತೆಗೆದೆವು. ಆ ಪರೀಕ್ಷೆಯನ್ನೂ.